ಬಾಗಿಲಾಚೆ ಕುಳಿತವರಿಗೊಂದು ಲೋಟ ಕಾಫಿ

ನನಗೆ ಹಾಲು ಒಗ್ಗದಂತಾದದ್ದು ನಲವತ್ತೊಂದನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿದವಳು ನಾನು, ಅದೂ ನೀರು ಬೆರೆಸದ ಗಟ್ಟಿ ಹಾಲಿನದು. ಶಿರಸಿಯಲ್ಲಿದ್ದಾಗ ಒಮ್ಮೆ ಮದುವೆಮನೆಯ ಊಟ ಮುಗಿಸಿ ಬಂದವಳಿಗೆ ಹೊಟ್ಟೆ ಕೆಟ್ಟಿತು. ಮೂರು ವಾರ ಹಾಸಿಗೆ ಹಿಡಿದೆ. ಜ್ವರ ಬಿಟ್ಟಿತು, ನಿತ್ರಾಣವೂ ಬಿಟ್ಟಿತು. ಆದರೆ ಒಂದು ಗುಟುಕು ಹಾಲು ಒಳಗೆ ಹೋದರೆ ಸಾಕು, ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಆಗುತ್ತಿತ್ತು.

ಡಾಕ್ಟರು ಚೀಟಿ ಬರೆಯುತ್ತ ತಲೆಯೆತ್ತದೆ ಹೇಳಿದರು. “ಹಾಲು ಜೀರ್ಣ ಮಾಡುವ ಶಕ್ತಿ ಕರುಳಿಗೆ ಇಲ್ಲದಾಗಿದೆ. ಕೆಲವರಿಗೆ ವಾಪಸ್ ಬರ್ತದೆ, ಕೆಲವರಿಗೆ ಬರೋದಿಲ್ಲ. ಸದ್ಯಕ್ಕೆ ಹಾಲು ಬಿಡಿ.”

ನನ್ನ ತವರು ವಾನಳ್ಳಿ ಕಡೆ. ಅಮ್ಮ ಇಂದಿಗೂ ಎರಡು ಎಮ್ಮೆ ಕಟ್ಟಿಕೊಂಡಿದ್ದಾಳೆ. ಫೋನಿನಲ್ಲಿ ವಿಷಯ ಹೇಳಿದರೆ ಅವಳು, “ಹಾಲು ಬಿಡೂದು ಅಂದ್ರೆ ಎಂತದೇ ಅದು? ಯಾರದ್ದೋ ಕಣ್ಣು ಬಿದ್ದದ್ದು ನಿಂಗೆ” ಅಂದಳು. ಕಾಯಿಲೆ ಅಂದರೆ ಒಪ್ಪಲಿಲ್ಲ. ಅವಳ ಪ್ರಕಾರ ಹಾಲು ಮನುಷ್ಯನನ್ನು ಬಿಡುವುದು ಕೊನೆಗಾಲದಲ್ಲಿ ಮಾತ್ರ.

ಅದೇ ವರ್ಷ ನನ್ನ ಗಂಡನಿಗೆ ಯಲ್ಲಾಪುರಕ್ಕೆ ವರ್ಗವಾಯಿತು. ಅವರು ಬಸ್ ಡ್ರೈವರ್. ಬೆಳಿಗ್ಗೆ ಆರಕ್ಕೆ ಹೋದರೆ ಸಂಜೆ ಏಳಕ್ಕೆ ಬರುವವರು. ನಾನು ಮನೆಯಲ್ಲೇ ಬ್ಲೌಸು ಹೊಲಿಯುತ್ತೇನೆ. ಹೊಲಿಗೆ ಮಷೀನು ಎಲ್ಲಿಟ್ಟರೂ ನಡೆಯುತ್ತದೆ, ಹಾಗಾಗಿ ಊರು ಬದಲಾದರೆ ನನಗೇನೂ ತೊಂದರೆಯಿರಲಿಲ್ಲ. ಹೆದ್ದಾರಿಯಿಂದ ಎರಡು ಓಣಿ ಒಳಗೆ ಒಂದು ಹೆಂಚಿನ ಮನೆಯ ಹಿಂದಿನ ಅರ್ಧ ಬಾಡಿಗೆಗೆ ಸಿಕ್ಕಿತು. ಮುಂದಿನ ಅರ್ಧದಲ್ಲಿ ಮನೆಯ ಯಜಮಾನರು, ಎಪ್ಪತ್ತೈದು ದಾಟಿದ ಮುಸಲ್ಮಾನ ಹಿರಿಯರು. ಹಿಂದೆಲ್ಲ ಘಟ್ಟ ಇಳಿದು ಹತ್ತಿ ಲಾರಿ ಓಡಿಸಿದವರು. ಓಣಿಯವರೆಲ್ಲ ಚಾಚಾ ಅನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅವರ ಜೊತೆ ಮೂವತ್ತರ ಹತ್ತಿರದ ಮಗಳು. ಪೇಟೆಯ ಒಂದು ಕಚೇರಿಯಲ್ಲಿ ಅವಳಿಗೆ ಕಂಪ್ಯೂಟರ್ ಕೆಲಸ, ಬರುವುದು ಐದೂವರೆಗೆ. ಚಾಚಾನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಹೋದ ಮೇಲೆಯೇ ಇವರು ಮುಂದುಗಡೆ ಒಂದು ಚಿಕ್ಕ ಅಡಿಗೆಮನೆ ಕಟ್ಟಿಕೊಂಡು, ಹಿಂದಿನ ಅರ್ಧವನ್ನು ಬಾಡಿಗೆಗೆ ಬಿಟ್ಟದ್ದು.

ನನಗೆ ಬಂದದ್ದು ಹಳೆಯ, ದೊಡ್ಡ ಅಡಿಗೆಮನೆ. ಹಗಲಲ್ಲೂ ಸ್ವಲ್ಪ ಕತ್ತಲೆ. ಗೋಡೆಯಲ್ಲಿ ಮೂರು ಗೂಡು, ಒಂದು ಮೂಲೆಯಲ್ಲಿ ಯಾರೂ ಎತ್ತಿಕೊಂಡು ಹೋಗದೆ ಬಿಟ್ಟ ಒರಳುಕಲ್ಲು. ಒಲೆಯ ಕಟ್ಟೆಯ ಪಕ್ಕದಲ್ಲೇ ಒಂದು ಬಾಗಿಲು, ಮುಂದಿನ ಮನೆಗೆ ಹೋಗುವುದು. ಇತ್ತ ಕಡೆಯಿಂದ ನಾವು ಚಿಲಕ ಹಾಕಿಕೊಂಡಿದ್ದೆವು, ಅತ್ತ ಕಡೆಯಿಂದ ಅವರು. ಹಲಗೆಯ ಬಾಗಿಲು. ಹಲಗೆ ಒಣಗಿ ಸಂದು ಬಿಟ್ಟಿತ್ತು, ಆದರೆ ಸಂದಿನಾಚೆ ಏನೂ ಕಾಣುತ್ತಿರಲಿಲ್ಲ.

ಹಾಲಿಲ್ಲದ ಕಾಫಿಯ ಪ್ರಯೋಗ ಶುರುವಾದದ್ದು ಅಲ್ಲೇ. ಬರೀ ಡಿಕಾಕ್ಷನ್ ಕುಡಿದು ನೋಡಿದ್ದೆ. ನನಗೆ ಬೇಕಾದದ್ದು ಕಹಿಯಲ್ಲ, ನಾಲಿಗೆಗೆ ಮೆತ್ತಗೆ ಹತ್ತುವ ಆ ದಪ್ಪ. ಮಧ್ಯಾಹ್ನದ ಹೊಲಿಗೆ ಮುಗಿಸಿ ನಾಲ್ಕು ಗಂಟೆಗೆ ಎದ್ದು ಅಡಿಗೆಮನೆಗೆ ಹೋಗುತ್ತಿದ್ದೆ. ಮೊದಲು ತೆಂಗಿನಕಾಯಿ ತುರಿದು ರುಬ್ಬಿ ಹಾಲು ಹಿಂಡಿದೆ, ಕುದಿಸಿ ಅದಕ್ಕೆ ಡಿಕಾಕ್ಷನ್ ಹೊಯ್ದೆ. ಒಡೆಯಿತು. ಮೇಲೆ ಬೂದು ಬಣ್ಣದ ನೀರು, ಕೆಳಗೆ ಹರಳುಹರಳು ಗಷ್ಟು. ಹಾಲೊಡೆದರೆ ಅಪಶಕುನ ಎಂದು ಕೇಳಿ ಬೆಳೆದವಳು ನಾನು. ಹಾಲಲ್ಲದ ಹಾಲು ಒಡೆದರೆ ಏನಂತ ಯಾರೂ ಹೇಳಿಕೊಟ್ಟಿರಲಿಲ್ಲ. ಅಂಗಡಿಯಿಂದ ಸೋಯಾ ಹಾಲಿನ ಡಬ್ಬಿ ತಂದೆ. ಹಸಿಕಾಳಿನ ವಾಸನೆಗೆ ಎರಡು ಗುಟುಕು ಇಳಿಯಲಿಲ್ಲ. ಫೋನಿನಲ್ಲಿ ಅಡಿಗೆಯ ವಿಡಿಯೋ ನೋಡಿ ಗೋಡಂಬಿ ನೆನೆಸಿದೆ. ಸರಿಯಾಗಿ ರುಬ್ಬಲಿಲ್ಲವೋ ಏನೋ, ರವೆ ರವೆಯಾಗಿ ಗಂಟಲಲ್ಲಿ ನಿಂತಿತು. ಗಂಡ ಒಂದು ಸಂಜೆ ಉಳಿದದ್ದನ್ನು ಮೂಸಿ ನೋಡಿ, “ಏನೇ ಇದು, ಕಾಫಿಯಾ ಗಂಜಿಯಾ?” ಎಂದು ನಕ್ಕರು.

ಎರಡನೇ ವಾರ. ಸ್ಟವ್ ಮೇಲೆ ತೆಂಗಿನಹಾಲಿಟ್ಟು ನಾನು ಕಪಾಟಿನಲ್ಲಿ ಬೆಲ್ಲದ ಡಬ್ಬಿ ಹುಡುಕುತ್ತಿದ್ದೆ. ಬೆನ್ನ ಹಿಂದೆ ಯಾರೋ ಹೇಳಿದರು.

“ತಳ ಹತ್ತಿದೆ.”

ತಿರುಗಿ ನೋಡಿದೆ. ಯಾರೂ ಇಲ್ಲ. ಮಾತು ಬಂದದ್ದು ಆ ಬಾಗಿಲಿನಿಂದ. ಗಂಡಸಿನ ಧ್ವನಿ, ವಯಸ್ಸಾದದ್ದು, ಜೋರಿಲ್ಲ. ಪಾತ್ರೆ ಬಗ್ಗಿಸಿ ನೋಡಿದರೆ ತಳದಲ್ಲಿ ಕಾಸಗಲ ಕಂದು ಕಲೆ. ಆಗಷ್ಟೇ ಹತ್ತಲು ಶುರುವಾಗಿತ್ತು. ನನ್ನ ಮೂಗಿಗೇ ಇನ್ನೂ ವಾಸನೆ ಬಂದಿರಲಿಲ್ಲ.

“ಚಾಚಾ?” ಎಂದೆ. ಕುರ್ಚಿಯೊಂದು ಕಿರ್ರೆಂದಿತು, ಅಷ್ಟೇ.

ಮರುದಿನ ಅದೇ ಹೊತ್ತಿಗೆ, “ಇವತ್ತು ಕಾಯಿ ಜಾಸ್ತಿ.” ಅದರ ಮರುದಿನ, “ವಾಸನೆ ಅದಲ್ಲ.” ದಿನಕ್ಕೆ ಒಂದೇ ಮಾತು. ನಾನು ಏನು ಕೇಳಿದರೂ ಮರುಮಾತಿಲ್ಲ. ಒಂದು ದಿನ ಬೇಕೆಂದೇ ಮೂರೂವರೆಗೆ ಮಾಡಿದೆ. ಬಾಗಿಲಾಚೆ ಸದ್ದಿರಲಿಲ್ಲ. ನೆಮ್ಮದಿಯಿಂದ ಲೋಟಕ್ಕೆ ಸುರಿದುಕೊಳ್ಳುವಾಗ ಕಾಲೆಳೆಯುವ ಸಪ್ಪಳ ದೂರದಿಂದ ಬಂತು, ಬಾಗಿಲ ಬಳಿ ನಿಂತಿತು, ಕುರ್ಚಿ ಕಿರ್ರೆಂದಿತು. ನಾನು ಲೋಟ ಹಿಡಿದುಕೊಂಡು ಮಷೀನಿನ ಕೋಣೆಗೆ ಹೋಗಿ ಕುಡಿದೆ.

ಗಂಡನಿಗೆ ಹೇಳಿದೆ. “ವಯಸ್ಸಾದವರು, ಮೂಗು ಚುರುಕಿರಬೇಕು. ಹೊತ್ತು ಹೋಗೋದಿಲ್ಲ ಪಾಪ” ಅಂದರು. ಅವರು ಸಂಜೆ ಬರುವಷ್ಟರಲ್ಲಿ ಆ ಮನೆಯಲ್ಲಿ ಲೈಟು, ಟೀವಿ, ಜನ. ನಾಲ್ಕು ಗಂಟೆಯ ಆ ಕತ್ತಲೆ ಅಡಿಗೆಮನೆ ಅವರು ನೋಡಿದ್ದೇ ಇಲ್ಲ.

ಭಾನುವಾರ ಚಾಚಾನ ಮಗಳು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಹೋಗಿ ಮಾತಿಗೆಳೆದೆ.

“ತಂಗಿ, ನಿಮ್ಮಪ್ಪಂಗೆ ಕಾಫಿ ಅಂದ್ರೆ ಇಷ್ಟನಾ?”

“ಅಬ್ಬಾಗಾ? ಇಲ್ಲಕ್ಕಾ, ಚಾ. ಯಾಕೆ?”

“ದಿನಾ ಬಾಗಿಲ ಹಿಂದಿಂದ ಮಾತಾಡ್ತಾರಲ್ಲ.”

ಅವಳ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. “ಅಬ್ಬಾ ಮಾತಾಡ್ತಾರಾ? ಅಮ್ಮಿ ಹೋದ ಮೇಲೆ ನನ್ನ ಹತ್ರಾನೇ ಹೂಂ, ಊಹೂಂ ಬಿಟ್ರೆ ಬೇರೆ ಮಾತಿಲ್ಲ.” ಆಮೇಲೆ ತಾನಾಗಿಯೇ ಹೇಳಿದಳು. ಅವಳ ತಾಯಿ ಕರಾವಳಿಯ ಕಡೆಯವರು. ಅವರಿಗೂ ಹಾಲು ಆಗುತ್ತಿರಲಿಲ್ಲ, ಹುಟ್ಟಿನಿಂದಲೇ. ತೆಂಗಿನಹಾಲು ಹಾಕಿ ತಮಗೊಂದು ಲೋಟ ಕಾಫಿ ಮಾಡಿಕೊಳ್ಳುತ್ತಿದ್ದರು, ಇದೇ ಅಡಿಗೆಮನೆಯಲ್ಲಿ. ಏನೇನು ಹಾಕುತ್ತಿದ್ದರು ಎಂದು ಕೇಳಿದೆ. “ಗೊತ್ತಿಲ್ಲಕ್ಕಾ. ನಾನು ಆಗ ಶಾಲೆ, ಆಮೇಲೆ ಕಾಲೇಜು. ಅಮ್ಮಿ ಅದನ್ನ ಯಾರೂ ಇಲ್ಲದಾಗ ಮಾಡ್ಕೊಳ್ತಿದ್ರು. ನಾಲ್ಕು ಗಂಟೆಗೆ.”

ನನ್ನ ತೋಳಿನ ಮೇಲೆ ಮುಳ್ಳೆದ್ದಿತು. ನಾಲ್ಕು ಗಂಟೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೊಲಿಗೆ ಮುಗಿಯುವ ಹೊತ್ತು ಅದು, ಅಷ್ಟೇ ಕಾರಣ ಎಂದು ನನಗೆ ನಾನೇ ಹೇಳಿಕೊಂಡೆ. ಹೌದು, ಕಾರಣ ಅದೇ. ಆದರೂ ಆ ದಿನದಿಂದ ಗಡಿಯಾರದ ಮುಳ್ಳು ನಾಲ್ಕರ ಹತ್ತಿರ ಬಂದರೆ ಮಷೀನು ನಿಲ್ಲಿಸಿ ಕಿವಿಗೊಡುತ್ತಿದ್ದೆ.

ಮುಂದಿನ ಭಾನುವಾರ ಇನ್ನೊಂದಾಯಿತು. ಕಾಫಿ ಕಲಸಿ ಲೋಟ ಹಿಡಿದುಕೊಂಡು ಹಿಂಬಾಗಿಲಿನ ಮೆಟ್ಟಿಲ ಮೇಲೆ ಕೂರಲು ಬಂದೆ. ಆ ಹುಡುಗಿ ಹಿತ್ತಲಲ್ಲಿ ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು.

“ಅಕ್ಕಾ, ಈಗ ಚಮಚ ತಟ್ಟಿದ್ದು ನೀವಾ?”

“ಎಂಥ ಚಮಚ?”

“ಲೋಟದ ಅಂಚಿಗೆ. ಎರಡು ಸಲ. ಅಮ್ಮಿ ಹಾಗೇ ತಟ್ತಿದ್ರು.”

ನನಗೆ ನೆನಪೇ ಇರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಗಂಡನನ್ನು ಕೇಳಿದೆ, ನಾನು ಚಮಚ ತಟ್ಟುತ್ತೇನಾ ಎಂದು. ಅವರು ಯೋಚಿಸಿ, “ಈ ಮನೆಗೆ ಬಂದ ಮೇಲೆ ತಟ್ತೀಯ. ಮೊದಲು ನೋಡಿದ ನೆನಪಿಲ್ಲ” ಎಂದರು. ಅಂದಿನಿಂದ ಚಮಚ ಬಿಟ್ಟು ಎರಡು ಲೋಟ ಹಿಡಿದು ಮೇಲೆ ಕೆಳಗೆ ಹೊಯ್ದು ನೊರೆಯೆಬ್ಬಿಸತೊಡಗಿದೆ. ಕೈಗೆ ಮಾತ್ರ ಚಮಚ ಬೇಕು ಬೇಕು ಅನ್ನಿಸುತ್ತಿತ್ತು.

ಇಷ್ಟರಲ್ಲಿ ಕಾಫಿ ಮಾತ್ರ ಸುಧಾರಿಸುತ್ತ ಬಂದಿತ್ತು ಎನ್ನಬೇಕು. ಬಾಗಿಲಾಚೆಯ ಒಂದೊಂದು ಮಾತನ್ನೂ ನಾನು ಹೆದರಿಕೊಂಡೇ ಪಾಲಿಸಿದ್ದೆ. ಕಾಯಿ ಜಾಸ್ತಿ ಅಂದಾಗ ಅರ್ಧ ಕಡಿಮೆ ಮಾಡಿ ಗೋಡಂಬಿ ಸೇರಿಸಿದೆ. ಗೋಡಂಬಿಯನ್ನು ಬಿಸಿನೀರಿನಲ್ಲಿ ಅರ್ಧ ತಾಸು ನೆನೆಸಿದರೆ ರವೆಯಾಗುವುದಿಲ್ಲ ಎಂದು ಗೊತ್ತಾಯಿತು. ತೆಳ್ಳನೆಯ ಮಸ್ಲಿನ್ ಬಟ್ಟೆಯಲ್ಲಿ ಎರಡು ಸಲ ಸೋಸುತ್ತಿದ್ದೆ. ಅಂಥ ಬಟ್ಟೆಯ ತುಂಡಿಗೆ ಹೊಲಿಯುವವಳ ಮನೆಯಲ್ಲಿ ಬರವಿಲ್ಲ. ತೆಂಗಿನಹಾಲನ್ನು ಕುದಿಸಬಾರದು, ಬೆರಳು ತಾಳುವುದಕ್ಕಿಂತ ತುಸು ಹೆಚ್ಚು ಬಿಸಿಯಾದರೆ ಸಾಕು. ಡಿಕಾಕ್ಷನ್ನನ್ನು ಹಾಲಿಗೆ ಸಣ್ಣಗೆ ಧಾರೆ ಕಟ್ಟಿ ಬಿಡಬೇಕು, ಹಾಲನ್ನು ಡಿಕಾಕ್ಷನ್ನಿಗಲ್ಲ. ಒಂದು ಕಾಳು ಉಪ್ಪು. ಇಷ್ಟಾದರೆ ಒಡೆಯುತ್ತಿರಲಿಲ್ಲ. ಆದರೂ ಬಾಯಲ್ಲಿ ನೀರುನೀರು. ನಾಲಿಗೆಯ ಮೇಲೆ ನಿಲ್ಲುತ್ತಿರಲಿಲ್ಲ. ಬಾಗಿಲಾಚೆಯಿಂದಲೂ ದಿನಾ ಅದೇ ಮಾತು, “ಅದಲ್ಲ.”

ಒಂದು ಗುರುವಾರ ಮಿಕ್ಸರ್ ನಿಲ್ಲಿಸಿದೆ. ಮಿಕ್ಸರ್ ನಿಂತ ಮೇಲೆ ಕಿವಿಯಲ್ಲಿ ಒಂದು ಕ್ಷಣ ಟೊಳ್ಳು ಟೊಳ್ಳಾಗಿರುತ್ತದಲ್ಲ, ಆ ಕ್ಷಣದಲ್ಲಿ ಬಹಳ ಮೆಲ್ಲಗೆ ಒಂದು ಶಬ್ದ ಕೇಳಿಸಿತು.

“ಖಸ್‌ಖಸ್.”

ಒಣಗಿದ ಸೋಗೆ ಎಳೆದ ಹಾಗೆ. ನಾನು ಬಾಗಿಲ ಕಡೆ ತಿರುಗಿ, “ಏನಂದ್ರಿ ಚಾಚಾ?” ಎಂದೆ. ಆ ದಿನ ಕುರ್ಚಿಯ ಸದ್ದೂ ಇರಲಿಲ್ಲ. ಬಾಗಿಲಾಚೆ ಯಾರೂ ಇಲ್ಲದಾಗ ಒಂದು ಬಗೆಯ ಮೌನವಿರುತ್ತದೆ, ಯಾರೋ ಉಸಿರು ಹಿಡಿದಾಗ ಇನ್ನೊಂದು ಬಗೆ. ಅಂದಿನದು ಯಾವುದೆಂದು ನನಗೆ ತಿಳಿಯಲಿಲ್ಲ.

ಸಂಜೆ ದಿನಸಿ ಅಂಗಡಿಯಲ್ಲಿ ಆ ಶಬ್ದ ಹೇಳಿ, ಹಾಗಂದರೇನು ಎಂದು ಕೇಳಿದೆ. ಅಂಗಡಿಯವರು ಒಂದು ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. “ಗಸಗಸೆ ಅಕ್ಕಾ. ಉರ್ದುನಲ್ಲಿ ಖಸ್‌ಖಸ್ ಅಂತಾರೆ.”

ಶುಕ್ರವಾರ ಎರಡು ಚಮಚ ಗಸಗಸೆಯನ್ನು ಎಣ್ಣೆಯಿಲ್ಲದೆ ಬೆಚ್ಚಗೆ ಮಾಡಿ, ನೆನೆಸಿ, ಗೋಡಂಬಿಯ ಜೊತೆ ರುಬ್ಬಿದೆ. ಸೋಸಿದಾಗ ಬಂದದ್ದು ಕೆನೆಯಂಥ ಬಿಳಿ. ಡಿಕಾಕ್ಷನ್ ಬಿಟ್ಟೆ. ಬಣ್ಣ ಜೇನಿನದ್ದಾಯಿತು, ಒಂದು ಹನಿಯೂ ಒಡೆಯಲಿಲ್ಲ. ಎರಡು ನಿಮಿಷ ಬಿಟ್ಟು ನೋಡಿದರೆ ಮೇಲೆ ತೆಳ್ಳಗೆ ಪೊರೆ ಕಟ್ಟಿತ್ತು, ಥೇಟ್ ನಮ್ಮ ಎಮ್ಮೆ ಹಾಲಿನ ಕಾಫಿಗೆ ಕಟ್ಟುವ ಹಾಗೆ. ನಾನು ಲೋಟವನ್ನು ಬಾಯಿಗೆ ಎತ್ತಿರಲಿಲ್ಲ, ಬಾಗಿಲಾಚೆ ಕುರ್ಚಿ ಜೋರಾಗಿ ಹಿಂದೆ ಸರಿಯಿತು. ಹಲಗೆಯ ಮೇಲೆ ಅಂಗೈ ಬಿದ್ದ ಸದ್ದು.

“ಇದೇ” ಅಂದರು ಚಾಚಾ.

ಅಷ್ಟೇ. ಆದರೆ ಆ ಅಂಗೈ ಬಾಗಿಲನ್ನು ಬಿಡಲಿಲ್ಲ. ಹಲಗೆಯ ಸಂದಿನಲ್ಲಿ ನಾಲ್ಕು ಬೆರಳಿನ ನೆರಳು ಕಾಣುತ್ತಿತ್ತು. ನಾನು ಲೋಟ ಕೆಳಗಿಡುವವರೆಗೂ ಇತ್ತು. ಎರಡು ತಿಂಗಳಿಂದ ಹಂಬಲಿಸಿದ ರುಚಿ ಅದು. ನನಗೆ ಇಳಿದದ್ದು ಅರ್ಧ ಮಾತ್ರ.

ನನಗೆ ಹೆದರಿಕೆಯಾದದ್ದು ಆಮೇಲೆ, ಯೋಚಿಸುತ್ತ ಕೂತಾಗ. ಈ ಮುದುಕರಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ, ಹೆಂಡತಿ ಬದುಕಿದ್ದಾಳೆ ಎಂದೇ ತಿಳಿದಿದ್ದಾರೆ, ಚಿಲಕದಾಚೆ ಅವಳೇ ಇದ್ದಾಳೆ ಎಂದು ದಿನಾ ಬಂದು ಕೂರುತ್ತಾರೆ. ನಾನೋ, ಅವರು ಹೇಳಿದ ಹಾಗೆಲ್ಲ ಮಾಡುತ್ತ ಮಾಡುತ್ತ ಆ ಹೆಂಗಸಿನ ಕಾಫಿಯನ್ನೇ ತಯಾರಿಸಿಬಿಟ್ಟೆ, ಅವಳ ಹೊತ್ತಿಗೆ, ಅವಳ ಒಲೆಯ ಮುಂದೆ ನಿಂತು, ಅವಳ ಹಾಗೆ ಚಮಚ ತಟ್ಟಿ. ಇನ್ನು ಏನೇನು ಬಾಕಿ ಇದೆ?

ಕಾಫಿ ಮಾಡುವುದನ್ನು ನಿಲ್ಲಿಸಿದೆ. ಶನಿವಾರ ಬಿಸಿನೀರಿಗೆ ಶುಂಠಿ ಹಾಕಿ ಕುಡಿದೆ. ನಾಲ್ಕಕ್ಕೆ ಕುರ್ಚಿ ಕಿರ್ರೆಂದಿತು. ಭಾನುವಾರ ಗಂಡನಿಗೆ ರಜೆಯಿತ್ತು, ಭೈರುಂಬೆಯ ನಾದಿನಿಯ ಮನೆಗೆ ಹೋಗಿಬಂದೆವು. ಸೋಮವಾರ ಮಷೀನಿನ ಕೋಣೆಯಲ್ಲಿ ಬ್ಲೌಸಿನ ಕೊಕ್ಕೆಗೆ ಕಾಜಾ ಹೊಲಿಯುತ್ತಿದ್ದೆ. ಸ್ಟವ್ ಹಚ್ಚಿರಲಿಲ್ಲ, ಗಸಗಸೆಯ ಡಬ್ಬಿ ತೆಗೆದಿರಲಿಲ್ಲ. ನಾಲ್ಕು ಗಂಟೆಗೆ ಕಾಫಿಯ ವಾಸನೆ ಬಂತು. ಹೊರಗಿನಿಂದ ಬಂದದ್ದಲ್ಲ. ತೆಂಗಿನಹಾಲು ಬೆಚ್ಚಗಾಗುವಾಗ ಬರುವ ಸಿಹಿ, ಅದರ ಹಿಂದೆ ಡಿಕಾಕ್ಷನ್ನಿನ ಕಹಿ. ಎದ್ದು ಅಡಿಗೆಮನೆಯ ಹೊಸ್ತಿಲಿನವರೆಗೆ ಹೋದೆ. ಒಲೆ ತಣ್ಣಗಿತ್ತು. ಪಾತ್ರೆಗಳು ಬೋರಲಾಗಿದ್ದವು. ವಾಸನೆ ಒಲೆಯ ಹತ್ತಿರ ದಟ್ಟವಾಗಿತ್ತು, ಹೊಸ್ತಿಲಲ್ಲಿ ತೆಳ್ಳಗಿತ್ತು. ನಾನು ಒಳಗೆ ಕಾಲಿಡಲಿಲ್ಲ.

ಮಂಗಳವಾರವೂ ಹಾಗೇ ಆದರೆ ಗಂಡನಿಗೆ ಹೇಳಿ ಮನೆ ಬಿಡುವುದೆಂದು ನಿರ್ಧಾರ ಮಾಡಿದ್ದೆ. ವಾಸನೆ ಬರಲಿಲ್ಲ. ನನಗೆ ಧೈರ್ಯ ಬಂತು, ಸಿಟ್ಟೂ ಬಂತು. ನನ್ನ ಮನೆಯ ಅಡಿಗೆಮನೆಗೆ ನಾನೇ ಹೋಗದಿದ್ದರೆ ಹೇಗೆ? ಹೋಗಿ ಗೋಡಂಬಿ, ಗಸಗಸೆ ನೆನೆಹಾಕಿದೆ, ಕಾಯಿ ಒಡೆದೆ. ಕುರ್ಚಿ ಆಗಲೇ ಅಲ್ಲಿತ್ತು, ಚಾಚಾ ಕೂತಿದ್ದರು ಎಂದು ಗೊತ್ತಾದದ್ದು ಅವರು ಮಾತಾಡಿದ ಮೇಲೆ. ಈ ಸಲ ಒಂದು ಮಾತಲ್ಲ. ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

“ಒಂದು ಸಲ ಮನೆಗೆ ನೆಂಟರು ಬಂದಿದ್ರು. ಹುಬ್ಬಳ್ಳಿಯಿಂದ, ದೊಡ್ಡ ಮಂದಿ. ಆ ಹೊತ್ತಿಗೇ ಪಾತ್ರೆಯಲ್ಲಿ ಈ ಕಾಫಿ ಇತ್ತು. ನೆಂಟರ ಹೆಂಗಸು ಒಳಗೆ ಬಂದು ನೋಡಿ, ಇದೇನು, ನಿಮ್ಮನೇಲಿ ಹಾಲು ತರೋದಿಲ್ವಾ ಅಂದ್ರು. ನನಗೆ ಮುಖಕ್ಕೆ ಹೊಡೆದ ಹಾಗಾಯ್ತು. ಎಲ್ಲರ ಎದುರಿಗೇ ಆ ಪಾತ್ರೆ ತಗೊಂಡು ಮೋರಿಗೆ ಸುರಿದೆ. ಹಾಲು ಕುಡಿಯೋಕಾಗದ ಹೆಂಗಸನ್ನ ಕಟ್ಕೊಂಡು ನಾನು ಅನುಭವಿಸ್ತಿದೀನಿ ಅಂದೆ.” ಕುರ್ಚಿ ಕಿರ್ರೆಂದಿತು. “ಆಮೇಲೆ ನಾನು ಮನೆಯಲ್ಲಿದ್ದಾಗ ಅವಳು ಮಾಡ್ತಿರಲಿಲ್ಲ. ಲಾರಿ ಬಿಟ್ಟು ಮನೆಯಲ್ಲೇ ಕೂತ ಮೇಲೆ, ನಾನು ಮಲಗಿದೀನಿ ಅಂತ ತಿಳಕೊಂಡು ನಾಲ್ಕು ಗಂಟೆಗೆ ಮಾಡ್ಕೊಳ್ಳೋಳು. ನಾನು ಮಲಗ್ತಿರಲಿಲ್ಲ. ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡು ವಾಸನೆ ತಗೊಳ್ತಿದ್ದೆ. ಅಷ್ಟು ವರ್ಷ. ಒಂದು ಗುಟುಕು ಕೊಡು ಅಂತ ಬಾಯಿ ಬರಲಿಲ್ಲ.”

ಅತ್ತಲಿಂದ ಕೊನೆಯ ಮಾತು ಬಂತು.

“ಅದು ಮರೆತು ಹೋಗಿರ್ತದಾ?”

ಯಾರನ್ನು ಕೇಳಿದ್ದು ಎಂದು ಹೇಗೆ ತಿಳಿಯಬೇಕು? ಹೌದು ಅಂದುಬಿಡೋಣ ಅನ್ನಿಸಿತು. ಒಂದೇ ಮಾತು. ಅವರಿಗೂ ಸಮಾಧಾನ, ನನಗೂ ಬಿಡುಗಡೆ. ಬಾಯಿ ತೆರೆದೆ. ಆದರೆ ಗಂಟಲಿನಿಂದ ಹೊರಡುವುದು ನನ್ನ ಧ್ವನಿಯೇ ಎಂದು ಆ ಗಳಿಗೆಯಲ್ಲಿ ನನಗೆ ಖಾತ್ರಿಯಿರಲಿಲ್ಲ. ನಗಬೇಡಿ. ಹಾಡುಹಗಲು, ಹೆದ್ದಾರಿಯಲ್ಲಿ ಲಾರಿಗಳ ಹಾರ್ನ್ ಕೇಳಿಸುತ್ತಿತ್ತು, ಹಾಗಿದ್ದೂ ನನಗೆ ಹಾಗನ್ನಿಸಿತು. ಬಾಯಿ ಮುಚ್ಚಿಕೊಂಡು, ಮಾತಿನ ಬದಲಿಗೆ ಚಿಲಕಕ್ಕೆ ಕೈ ಹಾಕಿದೆ. ತುಕ್ಕು ಹಿಡಿದಿತ್ತು, ಎರಡು ಸಲ ಎಳೆದ ಮೇಲೆ ಬಂತು.

“ಚಾಚಾ, ಆ ಕಡೆ ಚಿಲಕ ತೆಗೀರಿ” ಎಂದೆ. ಧ್ವನಿ ನನ್ನದೇ ಆಗಿತ್ತು.

ತೆಗೆಯಲು ಅವರಿಗೂ ಹೊತ್ತು ಹಿಡಿಯಿತು. ಬಾಗಿಲು ತೆರೆದಾಗ ಎದುರಿಗೆ ಪ್ಲಾಸ್ಟಿಕ್ ಹೆಣೆದ ಹಳೆಯ ಕುರ್ಚಿ, ಅದನ್ನು ಹಿಡಿದುಕೊಂಡು ನಿಂತ ಸಣ್ಣ ದೇಹದ ಮುದುಕರು, ತಲೆಗೆ ಬಿಳಿ ಟೋಪಿ. ನನ್ನನ್ನು ನೋಡಿ ಬೆಚ್ಚಲಿಲ್ಲ, ಹೆಂಡತಿಯ ಹೆಸರು ಕರೆಯಲಿಲ್ಲ. ಅಪರಾಧ ಮಾಡಿ ಸಿಕ್ಕಿಬಿದ್ದ ಮಕ್ಕಳ ಹಾಗೆ ನೆಲ ನೋಡಿದರು.

“ಹೆದರಿಸಿದೆ ಅಲ್ವಾ ತಂಗಿ” ಎಂದರು. “ಮುದುಕನಿಗೆ ತಲೆ ಕೆಟ್ಟಿದೆ ಅಂದ್ಕೊಂಡ್ರಿ.”

ಹೌದು ಎನ್ನಲು ನಾಚಿಕೆಯಾಯಿತು. “ನಿಮ್ಮ ಹೆಂಡತಿ ಹತ್ರ ಮಾತಾಡ್ತಿದೀರಿ ಅಂದ್ಕೊಂಡೆ” ಎಂದೆ.

“ಅವಳ ಹತ್ರ ನಾನು ಕನ್ನಡದಲ್ಲಿ ಮಾತಾಡಿದವನೇ ಅಲ್ಲ. ಅವಳಿಗೆ ಅರ್ಥ ಆಗ್ತಿತ್ತು, ಮಾತಾಡೋಕೆ ಬರ್ತಿರಲಿಲ್ಲ. ನಮ್ಮದು ಉರ್ದು.” ಅವರು ಕುರ್ಚಿಯಲ್ಲಿ ಕೂತರು. “ನಾನು ಮಾತಾಡ್ತಿದ್ದದ್ದು ನಿಮ್ಮ ಹತ್ರಾನೇ. ಅವಳಿಗೆ ಹೇಳಬೇಕಾಗಿದ್ದು, ಇನ್ಯಾರಿಗೆ ಹೇಳ್ಲಿ? ಮುಖ ನೋಡಿ ಹೇಳೋಕೆ ಆಗ್ತಿರಲಿಲ್ಲ. ಬಾಗಿಲಿದ್ರೆ ಆಗ್ತದೆ.”

ಅವರು ನನ್ನನ್ನೇ ಕೇಳಿದ್ದರೆಂದ ಮೇಲೆ ಉತ್ತರ ಕೊಡಬೇಕಾಯಿತು. ನಾನು ಯೋಚಿಸಿ ಹೇಳಿದೆ. “ಮರೆತು ಹೋಗೋದಿಲ್ಲ ಚಾಚಾ. ಹಾಗಂತ ಅದನ್ನೇ ನೆನೆಸಿಕೊಂಡು ದಿನಾ ಅಡಿಗೆ ಮಾಡೋಕೂ ಯಾರಿಂದಲೂ ಆಗೋದಿಲ್ಲ.”

ಅವರು ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ನಾನು ರುಬ್ಬಿ, ಸೋಸಿ, ಬಿಸಿ ಮಾಡಿ ಎರಡು ಲೋಟ ಕಾಫಿ ತಂದೆ. ಒಂದನ್ನು ಅವರ ಕೈಗೆ ಕೊಟ್ಟೆ. ಬಹಳ ಹೊತ್ತು ಮೂಗಿನ ಹತ್ತಿರ ಹಿಡಿದುಕೊಂಡೇ ಇದ್ದರು. ಆಮೇಲೆ ಒಂದು ಗುಟುಕು ಕುಡಿದರು, ಇನ್ನೊಂದು ಕುಡಿದರು. ಗಡ್ಡ ಅದುರತೊಡಗಿತು.

“ಎಷ್ಟು ಚೆನ್ನಾಗಿದೆ” ಎಂದರು. “ಇಷ್ಟು ಚೆನ್ನಾಗಿರ್ತಿತ್ತಾ ಇದು?”

ನಾನು ಬೇರೆ ಕಡೆ ನೋಡಿದೆ. ಅವರು ಕಣ್ಣು ಒರೆಸಿಕೊಂಡ ಮೇಲೆ, ವಾತಾವರಣ ಸ್ವಲ್ಪ ಹಗುರಾಗಲಿ ಎಂದು, “ಎಲ್ಲ ನಿಮ್ಮ ಪಾಠವೇ ಚಾಚಾ. ನೀವು ಖಸ್‌ಖಸ್ ಅಂತ ಹೇಳದಿದ್ರೆ ಈ ದಪ್ಪ ಬರ್ತಿರಲಿಲ್ಲ” ಎಂದೆ.

“ನಾನು ಹೇಳಿದ್ನಾ?”

“ಕಳೆದ ಗುರುವಾರ. ಮಿಕ್ಸರ್ ನಿಲ್ಲಿಸಿದಾಗ.”

ಅವರು ಲೋಟ ಕೆಳಗಿಟ್ಟರು. “ಅವಳು ಅದರಲ್ಲಿ ಏನು ಹಾಕ್ತಿದ್ಲು ಅಂತ ನನಗೆ ಗೊತ್ತೇ ಇಲ್ಲ ತಂಗಿ. ಗುರುವಾರ ನಾನು ಮನೆಯಲ್ಲೂ ಇರಲಿಲ್ಲ. ಮಗಳು ಕಣ್ಣು ತೋರಿಸೋಕೆ ಹುಬ್ಬಳ್ಳಿಗೆ ಕರ್ಕೊಂಡು ಹೋಗಿದ್ಲು. ಬಂದದ್ದು ಎಂಟಕ್ಕೆ.”

ತೆರೆದ ಬಾಗಿಲಿನ ಒಂದು ಪಕ್ಕ ಅವರು, ಇನ್ನೊಂದು ಪಕ್ಕ ನಾನು. ಅವರು ಹೆಂಡತಿಯ ಒರಳುಕಲ್ಲಿದ್ದ ಮೂಲೆಯ ಕಡೆ ನೋಡಿದರು, ನಾನು ನೋಡಲಿಲ್ಲ. ಆಮೇಲೆ ಅವರು ಲೋಟ ಎತ್ತಿಕೊಂಡು ಉಳಿದದ್ದನ್ನು ನಿಧಾನವಾಗಿ ಕುಡಿದು ಮುಗಿಸಿದರು.

ಸಂಜೆ ಚಾಚಾನ ಮಗಳನ್ನು ಕೇಳಿದೆ. ಹೌದು, ಗುರುವಾರ ಮನೆಗೆ ಬೀಗ ಹಾಕಿದ್ದೆವು ಎಂದಳು. ಗಂಡ ಹೇಳಿದರು, “ಫೋನಿನಲ್ಲಿ ದಿನಾ ಆ ವಿಡಿಯೋ ನೋಡ್ತೀಯ, ಹಿಂದಿಯವು. ಎಲ್ಲೋ ಕೇಳಿದ್ದು ತಲೆಯಲ್ಲಿ ಉಳಿದಿರ್ತದೆ.” ಇರಬಹುದು. ನಾನು ಆ ವಿಡಿಯೋಗಳನ್ನೆಲ್ಲ ಮತ್ತೆ ಹಾಕಿ ನೋಡಿದೆ. ಗೋಡಂಬಿ ಇತ್ತು, ಬಾದಾಮಿ ಇತ್ತು, ಓಟ್ಸ್ ಇತ್ತು. ಗಸಗಸೆ ಸಿಗಲಿಲ್ಲ. ಪೂರ್ತಿ ಹುಡುಕಿದ್ದೇನೆ ಎಂದು ಆಣೆ ಮಾಡಲಾರೆ.

ಮನೆ ಬಿಡಬೇಕೆಂಬ ಯೋಚನೆಯನ್ನು ಮತ್ತೆ ಮಾಡಲಿಲ್ಲ. ಯಾಕೆಂದು ಕೇಳಿದರೆ ಸರಿಯಾದ ಉತ್ತರ ನನ್ನಲ್ಲಿಲ್ಲ. ಹೇಳಿದ್ದು ಯಾರೇ ಆಗಲಿ, ಹೇಳಿದ್ದು ಕಾಫಿ ಕೆಡಲಿ ಎಂದಲ್ಲವಲ್ಲ. ನಾವು ಅಲ್ಲಿ ಇನ್ನೂ ಎರಡು ವರ್ಷ ಇದ್ದೆವು. ಹಗಲು ಹೊತ್ತು ಆ ಬಾಗಿಲು ತೆರೆದೇ ಇರುತ್ತಿತ್ತು. ನಾಲ್ಕಕ್ಕೆ ಚಾಚಾ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ಅರ್ಧ ಲೋಟ ಕುಡಿಯುತ್ತಿದ್ದರು. ಘಟ್ಟದಲ್ಲಿ ಬ್ರೇಕು ತಪ್ಪಿದ ಕತೆ, ಮಂಜಿನಲ್ಲಿ ಮುಂದಿನ ಲಾರಿಯ ಕೆಂಪು ದೀಪ ಹಿಡಿದು ಇಳಿದ ಕತೆ ಹೇಳುತ್ತಿದ್ದರು. ಮಗಳೊಂದಿಗೂ ಮಾತು ಶುರುವಾಯಿತು. ಅವಳು ಒಮ್ಮೆ ನನ್ನ ಕೈ ಹಿಡಿದು, “ಅಕ್ಕಾ, ನಿನ್ನೆ ಅಬ್ಬಾ ನನ್ನನ್ನ ಬೈದ್ರು” ಎಂದು ಖುಷಿಯಿಂದ ಹೇಳಿದಳು.

ಆ ಒರಳುಕಲ್ಲಿಗೆ ಬೆನ್ನು ಹಾಕಿ ನಿಲ್ಲುವ ಧೈರ್ಯ ಮಾತ್ರ ನನಗೆ ಬರಲಿಲ್ಲ. ಒಂದೆರಡು ಸಲ, ನಾನು ಏನೂ ಮಾಡದ ದಿನವೂ, ಆ ವಾಸನೆ ಬಂದದ್ದುಂಟು. ಒಮ್ಮೆ ಚಾಚಾನಿಗೂ ಬಂತು. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಮತ್ತೆ ವರ್ಗವಾಗಿ ಈಗ ಸಿದ್ದಾಪುರದಲ್ಲಿದ್ದೇವೆ. ಇಲ್ಲಿಯ ಅಡಿಗೆಮನೆಗೆ ಎರಡು ಕಿಟಕಿ, ಬೇಕಾದಷ್ಟು ಬೆಳಕು. ಅಳತೆ ಕೊಡಲು ಬಂದ ಹೆಂಗಸರಿಗೆ ನನ್ನ ಕಾಫಿ ಕೊಡುತ್ತೇನೆ. ಹಾಲಿಲ್ಲ ಎಂದು ಆಮೇಲೆ ಹೇಳಿದರೆ ನಂಬುವುದಿಲ್ಲ. ಬೇಸಿಗೆಯಲ್ಲಿ ಅದನ್ನೇ ತಣ್ಣಗೆ ಮಾಡಿ ಬೆಲ್ಲ ಕದಡಿ ಕೊಟ್ಟರೆ ಗಂಡನೂ ಒಂದು ಲೋಟ ಕೇಳಿ ಕುಡಿಯುತ್ತಾರೆ. ನನ್ನ ಅಮ್ಮ ಬಂದಿದ್ದಾಗ ಕುಡಿದು, “ಎಮ್ಮೆ ಸಾಕಿ ಸುಮ್ನೆ ಬೆನ್ನು ಮುರ್ಕಂಡೆ” ಅಂದಳು.

ಹೋದ ಬೇಸಿಗೆಯಲ್ಲಿ ಒಂದು ಮದುವೆಗೆಂದು ಯಲ್ಲಾಪುರಕ್ಕೆ ಹೋದವಳು ಆ ಮನೆಗೂ ಹೋದೆ. ಹಿಂದಿನ ಅರ್ಧವನ್ನು ಅವರು ಮತ್ತೆ ಬಾಡಿಗೆಗೆ ಕೊಟ್ಟಿಲ್ಲ. ಚಾಚಾನಿಗೆ ಕಿವಿ ಪೂರ್ತಿ ಹೋಗಿದೆ. ನನ್ನನ್ನು ನೋಡಿ, ಹಾಲು ಈಗಲೂ ಆಗೋದಿಲ್ವಾ ಎಂದು ಜೋರಾಗಿ ಕೇಳಿದರು. ಇಲ್ಲವೆಂದು ಕೈಯಾಡಿಸಿದೆ. ಮಗಳು ಒಳಗಿನಿಂದ ಕಾಫಿ ತಂದಳು. ಗಸಗಸೆ, ಗೋಡಂಬಿ, ತೆಂಗು, ಎಲ್ಲ ನಾನು ಹೇಳಿಕೊಟ್ಟದ್ದೇ. ಆದರೆ ಇನ್ನೊಂದೇನೋ ಇತ್ತು, ನನ್ನದರಲ್ಲಿ ಇಲ್ಲದ್ದು. ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು.

“ಏನು ಹಾಕಿದೆ ತಂಗಿ?” ಎಂದು ಕೇಳಬೇಕೆಂದುಕೊಂಡೆ. ನಿನಗೆ ಯಾರು ಹೇಳಿದರು ಎಂಬುದು ಅದರ ಹಿಂದೆಯೇ ಬರುವ ಪ್ರಶ್ನೆ. ಕೇಳಲಿಲ್ಲ. ಲೋಟ ಖಾಲಿ ಮಾಡಿ, ಇನ್ನೊಂದು ಅರ್ಧ ಹಾಕಿಸಿಕೊಂಡು ಕುಡಿದು, ಐದರ ಬಸ್ಸಿಗೆ ಸಿದ್ದಾಪುರಕ್ಕೆ ಹೊರಟೆ.